ಅಡ್ಡಗೆರೆ, ಉದ್ದಗೆರೆ

ಬಿ.ಎಂ. ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ನೆತ್ತಿಯ ಮೇಲೆ
ಸರ್ವೆ ಸಾಹೇಬರು ಬೋರ್ಡಿಗೆ ಎರಡು ಗೆರೆ ಎಳೆದರು.
ಅಡ್ಡಗೆರೆ ದುಡ್ಡಿನದು:
ಸರ್ಕಾರ ಎಷ್ಟು ಕಿತ್ತುಕೊಳ್ಳಬೇಕು, ಎಷ್ಟು ಹಂಚಬೇಕು.
ಉದ್ದಗೆರೆ ಹೊಸಿಲೊಳಗಿನದು:
ಯಾರ ಪಕ್ಕ ಯಾರು ಉಣ್ಣಬಹುದು,
ಯಾರ ಕೈ ಯಾರು ಹಿಡಿಯಬಹುದು.
'ಅಮೆರಿಕದ ಐವತ್ತು ರಾಜ್ಯ ಇಷ್ಟಗಲ ಹಾಳೆಯಲ್ಲಿ
ಚುಕ್ಕಿಗಳಾಗಿ ಕೂತಿವೆಯಮ್ಮಾ,
ಹಾಸನದ ಎಂಟು ತಾಲ್ಲೂಕು ಕೂರವೇ?'
ಫಾರ್ಮಿಗೆ ಇಪ್ಪತ್ತೆರಡು ರೂಪಾಯಿ. ಬಸ್ಸು ಹೇಗೂ ಪುಕ್ಕಟೆ.
ಹೊರಟೆ.

ಅರಸೀಕೆರೆಯ ಕೊಬ್ಬರಿ ಮಂಡಿ. ರೇಣುಕಪ್ಪನವರು
ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಾ,
'ತೆರಿಗೆಯೇ? ಬೆವರು ನಮ್ಮದು, ಚೀಲ ಅವರದು.
ಸರ್ಕಾರಕ್ಕೆ ಕಿಲುಬು ಕಾಸೂ ಕೊಡಬಾರದು, ಬರಕೋ.'
ಬರೆದುಕೊಂಡೆ.
'ಹಂಗೇ ಅದರ ಕೆಳಗೆ ಬರಿ,
ಕೊಬ್ಬರಿಗೆ ಬೆಂಬಲ ಬೆಲೆ ಇನ್ನೂ ಎರಡು ಸಾವಿರ ಏರಿಸಲಿ ಅಂತ.'
ಅದರ ಕೆಳಗೆ ಜಾಗವಿರಲಿಲ್ಲ.
ಹದಿನಾಲ್ಕನೇ ಪ್ರಶ್ನೆ, ಮಗಳು ಬೇರೆ ಜಾತಿಯವನನ್ನು,
ಎನ್ನುವಷ್ಟರಲ್ಲಿ ತಕ್ಕಡಿಯ ಕಡೆ ತಿರುಗಿದರು.
ಆ ಬೆನ್ನಿಗೆ ನಾನು 'ಹೇಳಲಾರೆ' ಎಂದು ಟಿಕ್ಕು ಹಾಕಿದೆ.

ತಾಂಡಾದ ಸಕ್ರಿಬಾಯಿ ಪುಕ್ಕಟೆ ಟಿಕೆಟ್ಟು ಒಂದನ್ನೂ ಎಸೆದಿಲ್ಲ.
ದಾರ ಸುತ್ತಿ ಸಂಚಿಯಲ್ಲಿಟ್ಟಿದ್ದಾಳೆ.
'ಸರ್ಕಾರ ಅಂದ್ರೆ ಏನು ಅಂತ ಕೇಳ್ತೀಯಲ್ಲ, ಇದು.
ಮುಟ್ಟಿ ನೋಡು.'
ಸೊಸೆ ಬಾಗಿಲಿಗೆ ಬಂದು ಏನೋ ಹೇಳಹೋದಳು.
'ನೀ ಒಳಗ್ಹೋಗೇ.'
ಎರಡೂ ಒಂದೇ ಉಸಿರಿನಲ್ಲಿ.

ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವವನು
ಬ್ರಾಂದಿಗೆ ತೆರಿಗೆ ಏರಲಿ ಎಂದ.
ಬ್ರಾಂದಿ ಅಂಗಡಿಯವನು ಸಿಗರೇಟಿಗೆ ಏರಲಿ ಎಂದ.
ಇಬ್ಬರೂ 'ತೆರಿಗೆಯ ಪರ'.

ಸಕಲೇಶಪುರದ ಬಂಗಲೆಯಲ್ಲಿ ಉದಯಕಾಂತರು
ಕುರ್ಚಿ ಎಳೆದು ಕೂರಿಸಿ, ಕೈಯಾರೆ ಕಾಫಿ ಕೊಟ್ಟರು.
'ಯಾರು ಯಾರನ್ನಾದರೂ ಕಟ್ಟಿಕೊಳ್ಳಲಿ ಮಾರಾಯ್ತಿ,
ಗಂಡು ಗಂಡನ್ನೇ ಕಟ್ಟಿಕೊಳ್ಳಲಿ, ನನ್ನ ಗಂಟೇನು ಹೋಗುತ್ತೆ?'
ಗಂಟು ಹೋಗುವ ಪ್ರಶ್ನೆ ಒಂಬತ್ತನೆಯದು:
ಕೂಲಿಯವರ ಆಸ್ಪತ್ರೆಗೆಂದು ನೀವು ಕೊಂಚ ಹೆಚ್ಚು ತೆರುವಿರಾ?
ಕಪ್ಪು ಸಾಸರಿನ ಮೇಲೆ ಕುಳಿತ ಸದ್ದು ಕೇಳಿತು.

ಅಲ್ಲಿಂದ ನೂರು ಹೆಜ್ಜೆ ಕೆಳಗೆ ಲೈನ್ ಮನೆಗಳು.
ಪಳನಿಯಮ್ಮ ನನ್ನ ಹಾಳೆಯನ್ನೇ ತಿರುಗಿಸಿ ಮುರುಗಿಸಿ ನೋಡಿದಳು.
'ಓಟು ಸೇಲಂ ಕಡೆ, ಮೈ ಈ ಕಡೆ.
ನನ್ನ ಚುಕ್ಕಿ ಎಲ್ಲಿ ಇಡ್ತೀಯ ತಾಯಿ?'
ಅವಳು ಕೇಳಿದ್ದು ತಮಾಷೆಗೆ.
ನಾನು ಬಸ್ಸಿನ ತುಂಬಾ ಯೋಚಿಸಿದೆ.

ತಿಂಗಳ ಕೊನೆಗೆ ಒಂದು ಫಾರ್ಮು ಕಡಿಮೆ ಬಿತ್ತು.
ಆಲೂರು ದಾಟುವಾಗ, ಆಲೂಗಡ್ಡೆ ಮೂಟೆಯ ಮೇಲೆ ಹಾಳೆ ಹರಡಿ
ನಾನೇ ತುಂಬತೊಡಗಿದೆ.
ಹೆಸರು ಬೇಡ. ಹೆಂಗಸು. ಮೂವತ್ತೊಂದು.
ತೆರಿಗೆ ಇರಲಿ, ಶಾಲೆ ಇರಲಿ, ಆಸ್ಪತ್ರೆ ಇರಲಿ,
ಪೆನ್ನು ಇಳಿಜಾರಿನಲ್ಲಿ ಇಳಿದಂತೆ ಇಳಿಯಿತು
ಹದಿನಾಲ್ಕರವರೆಗೆ.

ಹೋದ ವರ್ಷ ತಮ್ಮ ಆ ಹುಡುಗಿಯನ್ನು ಕರೆತಂದಿದ್ದ.
ಅಮ್ಮ ಅಲ್ಲ, ನಾನೇ ನೀರು ಕೊಟ್ಟದ್ದು.
ಕಪಾಟಿನಲ್ಲಿ ಫಳಫಳ ಹೊಳೆಯುವ ಐದು ಲೋಟಗಳಿದ್ದವು.
ನನ್ನ ಕೈ ಅವನ್ನು ದಾಟಿ
ಹಿಂದಿನ ಸಾಲಿನ, ಅಂಚು ನೆಗ್ಗಿದ ಲೋಟಕ್ಕೆ ಹೋಯಿತು.
ನನ್ನನ್ನು ಕೇಳದೆ ಹೋಯಿತು.
ಅವಳು ಗಟಗಟ ಕುಡಿದು, 'ತಣ್ಣಗಿದೆ ಅಕ್ಕ' ಅಂದಳು.

ಹೇಳಲಾರೆ.

ಸಾಹೇಬರು ಸರಾಸರಿ ತೆಗೆದು ಚುಕ್ಕಿ ಇಟ್ಟರು.
ಅರಸೀಕೆರೆ ಕೆಳಗೆ ಬಲಕ್ಕೆ, ಸಕಲೇಶಪುರ ಮೇಲೆ ಬಲಕ್ಕೆ,
ಮಿಕ್ಕವು ನಡುವೆ, ಒಂದನ್ನೊಂದು ತಳ್ಳಿಕೊಂಡು.
'ಹೇಳಲಾರೆ ಅಂದವರು ಎಲ್ಲಿ ಸಾರ್?'
'ಅವರು ಗ್ರಾಫಿಗೆ ಬರುವುದಿಲ್ಲಮ್ಮ.'

ಕವರು ಎಣಿಸಿಕೊಂಡು ಇಳಿದೆ.
ಪಾತ್ರೆ ಅಂಗಡಿಯಲ್ಲಿ ಆರು ಲೋಟ ಕೊಂಡೆ, ಒಂದೇ ಅಚ್ಚಿನವು.
ಅಮ್ಮ ಬೆಳಕಿಗೆ ಹಿಡಿದು ನೋಡಿದಳು, ಚೌಕಾಸಿ ಮಾಡಿದೆಯಾ ಎಂದಳು.
ಆಮೇಲೆ ಕಪಾಟಿನ ಹಿಂದಿನ ಸಾಲಿಗೆ ಕೈ ಹಾಕಿ,
'ಇದನ್ನೇನು ಮಾಡುವುದು?'